ಬೇಡ ಅಂದರೂ ಬಿಡದ ಸನ್ಮಾನ

ನಮ್ಮ ಕಡೆ ಸನ್ಮಾನ ಅಂದರೆ ಶಾಲು, ಹಾರ, ಮೈಸೂರು ಪೇಟ, ಒಂದು ಹಣ್ಣಿನ ಬುಟ್ಟಿ. ಬುಟ್ಟಿಯ ತಳದಲ್ಲಿ ಅರ್ಧ ಹಳೇ ಪೇಪರ್ ತುರುಕಿರುತ್ತಾರೆ, ಆ ಮಾತು ಬಿಡಿ. ಸನ್ಮಾನ ಮಾಡಿಸಿಕೊಳ್ಳುವವರು ವೇದಿಕೆ ಮೇಲೆ ಇರಲೇಬೇಕು ಅನ್ನುವ ಒಂದು ನಿಯಮವಾದರೂ ನಮ್ಮಲ್ಲಿದೆ. ಅಮೆರಿಕದಲ್ಲಿ ಅದೂ ಬೇಕಿಲ್ಲ. ಅಲ್ಲಿ ಮೊದಲು ಆದಿವಾಸಿಯನ್ನು ಅವನ ಊರಿನಿಂದ ಓಡಿಸುತ್ತಾರೆ. ಆಮೇಲೆ ಅವನ ಮುಖವನ್ನು ಆಟದ ತಂಡದ ಟೋಪಿ ಮೇಲೆ ಅಚ್ಚು ಹಾಕಿಸಿ, ಸ್ಟೇಡಿಯಂ ತುಂಬ ಜನ ಸೇರಿ ಗೌರವ ಸಲ್ಲಿಸುತ್ತಾರೆ. 'ನಮಗೆ ಬೇಡ ಕಣ್ರಪ್ಪಾ' ಅಂತ ಅವನು ಗೇಟಿನ ಹೊರಗೆ ಬೋರ್ಡು ಹಿಡಿದು ನಿಂತಿದ್ದರೆ, 'ಪಾಪ, ಗೌರವ ಅಂದರೆ ಏನು ಅಂತ ಗೊತ್ತಿಲ್ಲ' ಅನ್ನುತ್ತಾ ಟಿಕೆಟ್ ತೋರಿಸಿ ಒಳಗೆ ಹೋಗುತ್ತಾರೆ.

ಅಟ್ಲಾಂಟಾದಲ್ಲಿರುವ ಅಕ್ಕನ ಮಗನ ಮನೆಗೆ ಹೋಗಿದ್ದಾಗ ಈ ಸನ್ಮಾನದ ಒಂದು ಸಾಮಗ್ರಿ ನನ್ನ ಕೈಗೂ ಸಿಕ್ಕಿತು. ರಿಮೋಟ್ ಹುಡುಕುತ್ತಾ ಸೋಫಾ ಸಂದಿಗೆ ಕೈ ಹಾಕಿದೆ. ಬಂದದ್ದು ಕೆಂಪು ಫೋಮಿನ ಕೈಗೊಡಲಿ. ಅಂಚನ್ನು ಮಗು ಕಚ್ಚಿ ಕಚ್ಚಿ ಹಲ್ಲಿನ ಗುರುತು ಮೂಡಿತ್ತು.

"ಏನೋ ಇದು?"

"ಟೊಮಹಾಕ್ ಮಾಮ. ಬ್ರೇವ್ಸ್ ಮ್ಯಾಚಿಗೆ ಹೋದಾಗ ಕೊಟ್ರು."

ಬ್ರೇವ್ಸ್ ಅಂದರೆ ಅಟ್ಲಾಂಟಾದ ಬೇಸ್‌ಬಾಲ್ ತಂಡ. ಎದ್ದು ನಿಂತು ಮಾಡಿ ತೋರಿಸಿದ. ಮೊಣಕೈ ಮಡಚಿ, ಕೊಡಲಿಯನ್ನು ಮೇಲಿಂದ ಕೆಳಕ್ಕೆ ಕೊಚ್ಚುತ್ತಾ 'ಓ... ಓಓಓ...' ಅಂತ ಒಂದು ರಾಗ. ಪಕ್ಕದ ಕೋಣೆಯಲ್ಲಿದ್ದವರಿಗೆ ಯಾರಿಗೋ ಹೊಟ್ಟೆ ಹಿಂಡುತ್ತಿದೆ ಅನ್ನಿಸಬೇಕು, ಹಾಗಿತ್ತು. 1991ರಿಂದ ಸ್ಟೇಡಿಯಂನಲ್ಲಿ ಎಲ್ಲರೂ ಒಟ್ಟಿಗೆ ಹೀಗೇ ಮಾಡುತ್ತಾರೆ.

"ಯಾರ ಹಾಡೋ ಇದು?"

"ಇಂಡಿಯನ್ಸ್‌ದು."

"ನಮ್ಮದಾ?"

"ಅಯ್ಯೋ, ನಾವಲ್ಲ ಮಾಮ. ಆ ಇಂಡಿಯನ್ಸ್."

1492ರಲ್ಲಿ ಕೊಲಂಬಸ್ ದಾರಿ ತಪ್ಪಿದ. ಅದಕ್ಕೆ ಇವತ್ತಿಗೂ ಎರಡು ಕಡೆಯ ಜನ 'ನಾವಲ್ಲ, ಅವರು' ಅಂತ ವಿವರಣೆ ಕೊಡುತ್ತಾ ಓಡಾಡಬೇಕು. ಅಲ್ಲಿಗೆ ಹೋದ ನಮ್ಮವರಿಗೆ 'ಬೊಟ್ಟಿನ ಇಂಡಿಯನ್ನೋ, ಗರಿಯ ಇಂಡಿಯನ್ನೋ' ಅನ್ನುವ ಹಳಸಲು ಜೋಕು ಕೇಳಿಸುತ್ತಲೇ ಇರುತ್ತದೆ. ನಕ್ಕು ಸುಮ್ಮನಾಗುತ್ತಾರೆ. ವೀಸಾ ಇದೆಯಲ್ಲ. ಅಂದಹಾಗೆ ಆ ರಾಗ ಯಾವ ಬುಡಕಟ್ಟಿನದೂ ಅಲ್ಲ. ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದ ಆಟದ ಮೈದಾನದಿಂದ ಬಂದದ್ದು.

ಜಾರ್ಜಿಯಾದ ಉತ್ತರ ಭಾಗ ಚೆರೋಕಿ ಜನರ ನೆಲ. ಅವರು ಮರದ ಮನೆ ಕಟ್ಟಿಕೊಂಡು ಹೊಲ ಉಳುತ್ತಿದ್ದವರು. ಸಿಕೋಯಾ ಎಂಬಾತ ಒಬ್ಬನೇ ಕೂತು 1821ರ ಹೊತ್ತಿಗೆ ಅವರ ಭಾಷೆಗೆ ಲಿಪಿ ಮಾಡಿದ. 1828ರಲ್ಲಿ 'ಚೆರೋಕಿ ಫೀನಿಕ್ಸ್' ಪತ್ರಿಕೆ ಶುರುವಾಯಿತು. ನಮ್ಮ 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ. ಅಂದರೆ ಕನ್ನಡಿಗರಿಗಿಂತ 15 ವರ್ಷ ಮೊದಲೇ ಚೆರೋಕಿ ಮನುಷ್ಯ ತನ್ನ ಭಾಷೆಯಲ್ಲಿ ಪೇಪರ್ ಓದುತ್ತಾ ಕಾಫಿ ಕುಡಿಯುತ್ತಿದ್ದ. ಕಾಫಿ ನಾನು ಸೇರಿಸಿದ್ದು. ಅಷ್ಟರಲ್ಲಿ ಅವನ ನೆಲದಲ್ಲಿ ಚಿನ್ನ ಸಿಕ್ಕಿತು. 1830ರಲ್ಲಿ ಆದಿವಾಸಿಗಳನ್ನು ಎಬ್ಬಿಸುವ ಕಾಯ್ದೆ ಬಂತು, 1838ರಲ್ಲಿ ಸೈನ್ಯ ಬಂತು. ಬಂದೂಕು ತೋರಿಸಿ ಒಕ್ಲಹೋಮಾದ ಕಡೆಗೆ ಹೊರಡಿಸಿದರು. ಸಾವಿರಾರು ಜನ ಸತ್ತರು.

ಜಾಗ ಖಾಲಿಯಾಯಿತು. ಇನ್ನು ಸನ್ಮಾನಕ್ಕೆ ಅಡ್ಡಿಯಿಲ್ಲ.

1966ರಲ್ಲಿ ಅಟ್ಲಾಂಟಾಕ್ಕೆ ಬಂದ ಬ್ರೇವ್ಸ್ ತಂಡ ಮುಂದೆ ಸ್ಟೇಡಿಯಂ ಒಳಗೇ ಒಂದು ಡೇರೆ ಹಾಕಿತು. ಚೆರೋಕಿಗಳಿಗೆ ಡೇರೆಯ ಅಭ್ಯಾಸವೇ ಇರಲಿಲ್ಲ, ಅದು ದೂರದ ಬಯಲುಸೀಮೆಯ ಬುಡಕಟ್ಟುಗಳದ್ದು. ಇರಲಿ, ಎಲ್ಲಾ ಒಂದೇ ಅಲ್ವಾ. ಡೇರೆಯೊಳಗೆ 'ಚೀಫ್ ನಾಕಹೋಮಾ'. ಹೆಸರು ಕೇಳಿ ಪುರಾತನ ದೊರೆ ಅಂದುಕೊಳ್ಳಬೇಡಿ. 'ಹೋಮ್ ರನ್ ಬಾರಿಸು' ಅನ್ನೋದನ್ನೇ ತಿರುಚಿ ಇಟ್ಟ ಹೆಸರು ಅದು. ನಾವು 'ಸಿಕ್ಸರಪ್ಪ ದೊರೆ' ಅಂದ ಹಾಗೆ. ಹೋಮ್ ರನ್ ಬಿದ್ದಾಗಲೆಲ್ಲ ಆತ ಹೊರಗೆ ಬಂದು ಕುಣಿಯಬೇಕು. ಬಹಳ ವರ್ಷ ಆ ವೇಷ ಕಟ್ಟಿದವನು ನಿಜಕ್ಕೂ ಒಡಾವಾ ಬುಡಕಟ್ಟಿನವನು. ಹೊಟ್ಟೆಪಾಡು.

1982ರಲ್ಲಿ ತಂಡ ಚೆನ್ನಾಗಿ ಗೆಲ್ಲುತ್ತಿತ್ತು, ಜನ ಜಾಸ್ತಿ ಬರುತ್ತಿದ್ದರು. ಇನ್ನಷ್ಟು ಸೀಟು ಮಾರೋಣ ಅಂತ ಡೇರೆ ಎತ್ತಿಸಿದರು. ಒಕ್ಕಲೆಬ್ಬಿಸುವ ಕೈಚಳಕ ಮರೆತಿರಲಿಲ್ಲ ನೋಡಿ. ತಗೊಳ್ಳಿ, ಮುಂದಿನ 21 ಪಂದ್ಯಗಳಲ್ಲಿ 19 ಸೋಲು. ಹೆದರಿ ಡೇರೆ ವಾಪಸ್ ಹಾಕಿದರು. ಅಮೆರಿಕದಲ್ಲಿ ಎಬ್ಬಿಸಿದವನಿಗೆ ಇಷ್ಟು ಬೇಗ ಜಾಗ ವಾಪಸ್ ಸಿಕ್ಕಿದ್ದು ಇದೊಂದೇ ಸಲ ಇರಬೇಕು. ಅದೂ ವೇಷಕ್ಕೆ.

ನಿಜವಾದ ಚೆರೋಕಿ ಈ ಸ್ಟೇಡಿಯಂಗೆ ಬಂದರೆ ಏನಾಗುತ್ತೆ? 2019ರ ಅಕ್ಟೋಬರಿನಲ್ಲಿ ಅದೂ ಆಯಿತು. ಎದುರಾಳಿ ಸೇಂಟ್ ಲೂಯಿಸ್ ತಂಡದ ಬೌಲರ್, ಅವರ ಭಾಷೆಯಲ್ಲಿ ಪಿಚರ್, ರಯಾನ್ ಹೆಲ್ಸ್ಲಿ ಚೆರೋಕಿಯವರು. ಈ ಕೊಡಲಿ ಆಟ ನಮ್ಮ ಜನರಿಗೆ ಅವಮಾನ ಅಂದರು. ಸರಣಿಯ ಕೊನೇ ಪಂದ್ಯಕ್ಕೆ ಬ್ರೇವ್ಸ್ ಆಡಳಿತದವರು ಒಂದು ಜಾಣ ತೀರ್ಮಾನ ಮಾಡಿದರು. ಇವತ್ತು ಕೊಡಲಿ ಹಂಚೋದಿಲ್ಲ. ಮತ್ತು, ಹೆಲ್ಸ್ಲಿ ಮೈದಾನದಲ್ಲಿ ಇರುವಷ್ಟು ಹೊತ್ತು ಆ ಸಂಗೀತ ಹಾಕೋದಿಲ್ಲ. ಅಂದರೆ ಗೌರವ ಸಲ್ಲಬೇಕಾದವನು ಎದುರಿಗೆ ಇದ್ದಾಗ ಮಾತ್ರ ಗೌರವಕ್ಕೆ ರಜೆ! ಆ ಪಂದ್ಯ ಅವರು 13-1ರಿಂದ ಸೋತರು. ಮುಂದೆ ಸಂಗೀತ, ಕೊಡಲಿ ಎಲ್ಲ ವಾಪಸ್ ಬಂದವು.

ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡದವರು ಸ್ವಲ್ಪ ವಾಸಿ. ಕೆಂಪು ಮುಖದಲ್ಲಿ ಅಷ್ಟಗಲ ಹಲ್ಲು ಕಿರಿಯುತ್ತಿದ್ದ ತಮ್ಮ 'ಚೀಫ್ ವಾಹೂ'ವನ್ನು 2018ರ ನಂತರ ಜರ್ಸಿಯಿಂದ ಇಳಿಸಿದರು. 2021ರಲ್ಲಿ 'ಇಂಡಿಯನ್ಸ್' ಬಿಟ್ಟು 'ಗಾರ್ಡಿಯನ್ಸ್' ಆಗ್ತೀವಿ ಅಂದರು. ನೋಡಿದರೆ ಅದೇ ಊರಿನಲ್ಲಿ ಅದೇ ಹೆಸರಿನ ರೋಲರ್ ಸ್ಕೇಟಿಂಗ್ ತಂಡ ಆಗಲೇ ಇತ್ತು. ಅವರು ಕೋರ್ಟಿಗೆ ಹೋದರು. ತಿಂಗಳೊಳಗೆ ರಾಜಿ. ಆದಿವಾಸಿಗಳು 50 ವರ್ಷ ಸುಮ್ನೆ ಘೋಷಣೆ ಕೂಗುವ ಬದಲು ಸ್ಕೇಟಿಂಗ್ ಕಲಿಯಬೇಕಿತ್ತು.

ರಾಜಧಾನಿಯ ಕಥೆ ಇನ್ನೂ ಸೊಗಸು. ಅಲ್ಲಿನ ಫುಟ್‌ಬಾಲ್ ತಂಡದ ಹೆಸರು 1933ರಿಂದ 'ರೆಡ್‌ಸ್ಕಿನ್ಸ್'. ಕನ್ನಡದಲ್ಲಿ ಕೆಂಪು ತೊಗಲಿನವರು. ಹೆಸರು ಬದಲಾಯಿಸ್ತೀರಾ ಅಂತ 2013ರಲ್ಲಿ ಕೇಳಿದಾಗ ಮಾಲೀಕ ಡ್ಯಾನ್ ಸ್ನೈಡರ್, ಎಂದಿಗೂ ಇಲ್ಲ, ಬೇಕಿದ್ದರೆ ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ ಅಂದರು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲ, ಹಾಗಾಗಿ ಆ ಶಪಥದ ಪೂರ್ತಿ ತೂಕ ನಿಮಗೆ ಮುಟ್ಟಿಸೋಕೆ ಆಗುತ್ತಿಲ್ಲ. 2020ರ ಜುಲೈ 2ರಂದು ಸ್ಟೇಡಿಯಂಗೆ ತನ್ನ ಹೆಸರು ಹಾಕಿಸಲು ದುಡ್ಡು ಕೊಟ್ಟಿದ್ದ ಕೊರಿಯರ್ ಕಂಪನಿ ಫೆಡ್‌ಎಕ್ಸ್ 'ಹೆಸರು ಬದಲಾಯಿಸಿ' ಅಂತ ಕೇಳಿತು. ಜುಲೈ 13ಕ್ಕೆ ಹೆಸರು ಇಲ್ಲ! ಎಂದಿಗೂ ಅಂದರೆ ಎಷ್ಟು ದಿನ ಅಂತ ಆವತ್ತು ಗೊತ್ತಾಯಿತು. ಮುಂದಿನ ಎರಡು ಸೀಸನ್ ತಂಡದ ಹೆಸರು ಬರೀ 'ವಾಷಿಂಗ್ಟನ್ ಫುಟ್‌ಬಾಲ್ ಟೀಮ್'. ನಾಮಕರಣಕ್ಕೆ ಒಮ್ಮತ ಬರದೆ ಮಗುವಿಗೆ 'ಮಗು' ಅಂತಲೇ ಹೆಸರಿಟ್ಟ ಹಾಗೆ. 2022ರಲ್ಲಿ 'ಕಮಾಂಡರ್ಸ್' ಆಯಿತು.

ಈ ತಂಡದ ಮೊದಲ ಮಾಲೀಕ ಬೇರೆಲ್ಲ ತಂಡಗಳು ಕಪ್ಪು ಆಟಗಾರರನ್ನು ಸೇರಿಸಿಕೊಂಡ ಮೇಲೂ ಒಲ್ಲೆ ಅಂತ ಕೂತಿದ್ದ. ಸೇರಿಸಿಕೊಳ್ಳದಿದ್ದರೆ ಸ್ಟೇಡಿಯಂ ಇಲ್ಲ ಅಂತ ಕೆನಡಿ ಸರ್ಕಾರ ಗದರಿಸಿದ ಮೇಲೆ, 1962ರಲ್ಲಿ ಸೇರಿಸಿಕೊಂಡ. 2025ರ ಜುಲೈನಲ್ಲಿ ಅದೇ ಜಾಗದಲ್ಲಿ ಹೊಸ ಸ್ಟೇಡಿಯಂ ಕಟ್ಟುವ ಮಾತು ನಡೆದಾಗ ಅಧ್ಯಕ್ಷ ಟ್ರಂಪ್ ಕೂಡ ಗದರಿಸಿದರು. ಹಳೇ ಹೆಸರು ವಾಪಸ್ ಇಡದಿದ್ದರೆ ಸ್ಟೇಡಿಯಂಗೆ ಅಡ್ಡಗಾಲು ಹಾಕಬಹುದು ಅಂತ.

ಇದರಲ್ಲೆಲ್ಲ ನನಗೆ ಇಷ್ಟವಾದವರು ಕೊಲರಾಡೋದ ಒಂದು ವಿಶ್ವವಿದ್ಯಾಲಯದ ಹುಡುಗರು. ಅಲ್ಲೇ ಹತ್ತಿರದ ಶಾಲೆಯ ತಂಡವೊಂದರ ಹೆಸರು 'ಫೈಟಿಂಗ್ ರೆಡ್ಸ್'. ಅದನ್ನು ಅಣಕಿಸಲು 2002ರಲ್ಲಿ ಇವರು ತಮ್ಮ ಬಾಸ್ಕೆಟ್‌ಬಾಲ್ ತಂಡಕ್ಕೆ 'ಫೈಟಿಂಗ್ ವೈಟೀಸ್' ಅಂತ ಹೆಸರಿಟ್ಟರು. ಹೋರಾಡುವ ಬಿಳಿಯರು. ಟೀಶರ್ಟ್ ಮೇಲೆ ಚಿತ್ರ: ಕೋಟು ಟೈ ಹಾಕಿ, ತಲೆ ನೀಟಾಗಿ ಬಾಚಿದ ಒಬ್ಬ ಬಿಳಿಯ. ಬಿಳಿಯರು ಸಿಟ್ಟಾಗಲಿ ಅಂತ ಮಾಡಿದ್ದು. ಅವರೇ ಮುಗಿಬಿದ್ದು ಕೊಂಡುಕೊಂಡರು. ಬಂದ ದುಡ್ಡಿನಲ್ಲಿ 1 ಲಕ್ಷ ಡಾಲರನ್ನು ಹುಡುಗರು ವಿಶ್ವವಿದ್ಯಾಲಯಕ್ಕೇ ಕೊಟ್ಟರು, ಬಹುಪಾಲು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸ್ಕಾಲರ್‌ಶಿಪ್ಪಿಗೆ.

ಕಥೆ ಕೇಳಿ ಅಕ್ಕನ ಮಗ ಜೋರಾಗಿ ನಕ್ಕ. ಕೈಯಲ್ಲಿ ಕೊಡಲಿ ಇನ್ನೂ ಇತ್ತು.

"ಹಂಗಾದ್ರೆ ಅಂಥದ್ದೇ ಒಂದು ಟೀಶರ್ಟ್ ಮಾಡಿಸ್ಕೊಳ್ಳೋ. ಶುಕ್ರವಾರ ಆಫೀಸಿಗೆ ಹಾಕ್ಕೊಂಡು ಹೋಗು."

ನಗು ನಿಂತಿತು. ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಬೇಡ ಮಾಮ. ಚೆನ್ನಾಗಿರಲ್ಲ. ಯಾರಾದ್ರೂ ಬೇಜಾರು ಮಾಡ್ಕೊಂಡ್ರೆ?"