ಹಲಗೆ ಯಾರ ಕೈಯಲ್ಲಿತ್ತು?

ಇವತ್ತು ಒಂದು ಶಿಕ್ಷಕರ ತರಬೇತಿಗೆ ಹೋಗಿ ಬಂದೆ, ತಲೆ ಇನ್ನೂ ಬಿಸಿಯಾಗಿದೆ. ಕಪ್ಪು ಹಲಗೆ ಅಂದರೆ ಮಕ್ಕಳ ಬಾಯಿ ಮುಚ್ಚಿಸಿ ಕೂರಿಸೋ ಸಾಧನ, ಮಿಲಿಟರಿ ಶಿಸ್ತಿನಿಂದ ಬಂದದ್ದು ಅಂತ ಒಬ್ಬರು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಣಿತ ಕಲಿಸುವ ನನಗೆ ಸುಮ್ನೆ ಕೂರೋಕೆ ಆಗಲಿಲ್ಲ.

ಮಿಲಿಟರಿ ಅಂದರಲ್ಲ, ಅಲ್ಲಿಗೇ ಹೋಗೋಣ. ಸೈನ್ಯದ ಅಧಿಕಾರಿಗಳನ್ನು ತಯಾರು ಮಾಡುವ ಅಮೆರಿಕದ ವೆಸ್ಟ್ ಪಾಯಿಂಟ್ ಅಕಾಡೆಮಿ ಶುರುವಾಗಿದ್ದು 1802ರಲ್ಲಿ. 1816ರಲ್ಲಿ ಅಲ್ಲಿಗೆ ಕ್ಲಾಡಿಯಸ್ ಕ್ರೋಜೆ ಎಂಬ ಫ್ರೆಂಚ್ ಮೇಷ್ಟ್ರು ಬಂದರು. ನೆಪೋಲಿಯನ್ ಸೈನ್ಯದಲ್ಲಿದ್ದು ರಷ್ಯಾದಲ್ಲಿ ಸೆರೆಯಾಗಿದ್ದವರು. ಅವರು ಕಲಿಸಬೇಕಿದ್ದದ್ದು ಡಿಸ್ಕ್ರಿಪ್ಟಿವ್ ಜ್ಯಾಮಿತಿ, ಅಂದರೆ ಘನವಸ್ತುವನ್ನು ಕಾಗದದ ಮೇಲೆ ಕರಾರುವಾಕ್ಕಾಗಿ ಬರೆಯುವ ವಿದ್ಯೆ. ಕೋಟೆ ಕಟ್ಟೋಕೆ ಅದು ಬೇಕೇ ಬೇಕು. ಆದರೆ ಇಂಗ್ಲಿಷ್‌ನಲ್ಲಿ ಪುಸ್ತಕ ಇಲ್ಲ, ಹುಡುಗರಿಗೆ ಫ್ರೆಂಚ್ ಬರಲ್ಲ, ಮೇಷ್ಟ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಡಗಿಯಿಂದ ಹಲಗೆ ಮಾಡಿಸಿ, ಬಣ್ಣ ಬಳಿಸಿ, ಸೀಮೆಸುಣ್ಣ ಹಿಡಿದರು. ತಾವು ಒಂದು ಸಲ ಬರೆದು ತೋರಿಸುವುದು, ಆಮೇಲೆ ಹುಡುಗನನ್ನೇ ಎಬ್ಬಿಸಿ ಅದನ್ನು ಮತ್ತೆ ಬರೆದು ವಿವರಿಸು ಅನ್ನುವುದು. ಅಲ್ಲಿ ಹಲಗೆ ಇದ್ದದ್ದು ಹುಡುಗನ ಕೈಯಲ್ಲಿ!

1817ರಲ್ಲಿ ಸಿಲ್ವೇನಸ್ ಥೇಯರ್ ಮುಖ್ಯಸ್ಥರಾಗಿ ಬಂದು ಇದನ್ನೇ ಪದ್ಧತಿ ಮಾಡಿದರು. ತರಗತಿಯನ್ನು ಸಣ್ಣ ಸಣ್ಣ ಗುಂಪು ಮಾಡಿದರು. ದಿನಾ ಪಾಠ ಒಪ್ಪಿಸಬೇಕು, ದಿನಾ ಅಂಕ. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಗಣಿತ ಮತ್ತು ಫ್ರೆಂಚ್ ಮಾತ್ರ. ಫ್ರೆಂಚ್ ಯಾಕೆ ಗೊತ್ತಾ? ಗಣಿತದ ಒಳ್ಳೆ ಪುಸ್ತಕ ಇದ್ದದ್ದೇ ಆ ಭಾಷೆಯಲ್ಲಿ.

ಅಲ್ಲಿ ಬರೀ ಉರು ಹೊಡೆಸುತ್ತಿದ್ದರು, ರ‍್ಯಾಂಕಿನ ಹಿಂಸೆ ಇತ್ತು ಅಂತ ಯಾರಾದರೂ ಹೇಳಬಹುದು. ಇತ್ತು, ಗಣಿತದಲ್ಲಿ ಸೋತು ಎಷ್ಟೋ ಜನ ಹೊರಗೂ ಹೋದರು. ದಿನಾ ಅಂಕ ಕೊಡೋದು ನನಗೂ ಇಷ್ಟವಿಲ್ಲ. ಆದರೆ ಸೀಮೆಸುಣ್ಣ ಹಿಡಿದು ನಿಂತ ಹುಡುಗನಿಗೆ ಗೊತ್ತಿಲ್ಲದ್ದನ್ನು ಮುಚ್ಚಿಡೋಕೆ ಆಗಲ್ಲ. ಗೆರೆ ತಪ್ಪಿದ ಜಾಗ ಮೇಷ್ಟ್ರಿಗೆ ಅಲ್ಲೇ ಕಾಣುತ್ತದೆ, ತಿದ್ದೋಕೆ ಅವತ್ತೇ ಸಮಯ ಇರುತ್ತದೆ. ಇದಕ್ಕಿಂತ ಜಾಸ್ತಿ ಒಬ್ಬ ಶಿಕ್ಷಕನಿಗೆ ಇನ್ನೇನು ಬೇಕು? 1819ರಲ್ಲಿ ಅಲ್ಲಿ ಓದು ಮುಗಿಸಿದ ಜಾರ್ಜ್ ವಾಷಿಂಗ್ಟನ್ ವಿಸ್ಲರ್ ಅಮೆರಿಕದಲ್ಲಿ ರೈಲು ಮಾರ್ಗ ಹಾಕಿ, ಆಮೇಲೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್-ಮಾಸ್ಕೋ ಮಾರ್ಗ ಹಾಕೋಕೂ ಹೋದರು. ಉರು ಹೊಡೆದಷ್ಟರಿಂದ ಇದೆಲ್ಲಾ ಆಗೋದಲ್ಲ.

ನಮ್ಮ ತರಗತಿಗಳಲ್ಲಿ ಮಕ್ಕಳ ಬಾಯಿ ಮುಚ್ಚಿದ್ದು ಹಲಗೆಯಲ್ಲ. ಹಲಗೆಯನ್ನು ಮೇಷ್ಟ್ರ ಆಸ್ತಿ ಮಾಡಿಕೊಂಡದ್ದು ನಾವು. ಸ್ಮಾರ್ಟ್ ಬೋರ್ಡ್ ತಂದು ಅದರ ಪೆನ್ನನ್ನೂ ನಾವೇ ಹಿಡಿದುಕೊಂಡರೆ ಏನು ಬದಲಾಯಿತು ಹೇಳಿ? ಮೇಷ್ಟ್ರು ಬರೆಯುತ್ತಾರೆ, ನಲವತ್ತು ಮಕ್ಕಳು ತಲೆ ಬಗ್ಗಿಸಿ ಕಾಪಿ ಮಾಡುತ್ತಾರೆ, ಬೆಲ್ ಹೊಡೆಯುತ್ತದೆ. ಇದು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಾದ ಮಾಡೋರು ಬನ್ನಿ. ಮೊದಲು ಇದಕ್ಕೆ ಉತ್ತರ ಕೊಡಿ: ಕಳೆದ ವಾರ ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಹಲಗೆ ಹತ್ತಿರ ಬಂದು ಲೆಕ್ಕ ಮಾಡಿದರು?