ಮಂಗಳೂರಿಗೆ ನಗರ-ರಾಜ್ಯದ ಆಡಳಿತ ಬೇಕೇ?

ಪರ

ನಗರ-ರಾಜ್ಯ ಎಂದರೆ ಒಂದು ಊರು, ಸುತ್ತಲಿನ ತುಸು ನೆಲ, ಅದಕ್ಕೆ ತನ್ನದೇ ಕಾನೂನು. ಪ್ರಾಚೀನ ಸುಮೇರಿನ (ಈಗಿನ ಇರಾಕ್) ಉರ್, ಗ್ರೀಸಿನ ಅಥೆನ್ಸ್, ಇಂದಿನ ಸಿಂಗಾಪುರ ಎಲ್ಲ ಇದೇ ಬಗೆಯವು. ಮಂಗಳೂರಿಗೆ ಬೇರೆ ಬಾವುಟ ಬೇಕು ಅಂತ ನಾನು ಹೇಳುತ್ತಿಲ್ಲ. ಜರ್ಮನಿಯ ಹ್ಯಾಂಬರ್ಗ್ ನೋಡಿ. ಅದೂ ಬಂದರು ನಗರ. ದೇಶದ ಒಳಗೇ ಇದ್ದು ತಾನೇ ಒಂದು ರಾಜ್ಯ. ನಮಗೆ ಬೇಕಾದದ್ದು ಅಂಥದ್ದು.

ಧಕ್ಕೆಗೆ, ಅಂದರೆ ಬೋಟು ನಿಲ್ಲುವ ಮೀನುಗಾರಿಕೆ ಬಂದರಿಗೆ, ಹೋಗಿ ಮೀನುಗಾರರನ್ನು ಮಾತಾಡಿಸಿ. ನದಿ ಕಡಲು ಸೇರುವ ಅಳಿವೆಬಾಗಿಲಿನಲ್ಲಿ ಹೂಳು ತುಂಬಿದರೆ ಬೋಟಿನ ತಳ ಮರಳಿಗೆ ತಾಗುತ್ತದೆ. ಅಲೆ ಜೋರಿದ್ದರೆ ಬೋಟೇ ಮಗುಚಬಹುದು. ಹೂಳೆತ್ತುವ ಫೈಲು ಮಾತ್ರ ಘಟ್ಟ ಹತ್ತಿ ಬೆಂಗಳೂರಿಗೆ ಹೋಗಿ ಬರಬೇಕು. ಅಷ್ಟರಲ್ಲಿ ಮತ್ತೆ ಮಳೆಗಾಲ.

ಕ್ರಿ.ಪೂ. 483ರ ಸುಮಾರಿಗೆ ಅಥೆನ್ಸಿನ ಗಣಿಯಲ್ಲಿ ಬೆಳ್ಳಿ ಜಾಸ್ತಿ ಸಿಕ್ಕಿತು. ತಲೆಗೆ 10 ದ್ರಾಕ್ಮಾ ನಾಣ್ಯ ಹಂಚೋಣ ಎಂಬ ಮಾತು ಬಂತು. ಬೇಡ, ಹಡಗು ಕಟ್ಟೋಣ ಅಂದ ಅಲ್ಲಿನ ನಾಯಕ ಥೆಮಿಸ್ಟೊಕ್ಲಿಸ್. ನಾಗರಿಕರ ಸಭೆ ಒಪ್ಪಿತು. 480ರಲ್ಲಿ ಆ ಹಡಗುಗಳ ಬಲದಿಂದಲೇ ಗ್ರೀಕರು ಸಲಾಮಿಸ್‌ನಲ್ಲಿ ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದರು. ಸಮುದ್ರಕ್ಕೆ ಇಳಿಯುವವರೇ ತೀರ್ಮಾನ ಮಾಡಿದ್ದರು. ನಮ್ಮ ಮೀನುಗಾರರಿಗೂ ಆ ಹಕ್ಕು ಬೇಕು ಅಲ್ವಾ?

ವಿರೋಧ

ಹೂಳಿನ ಕಷ್ಟ ನಿಜ. ಆದರೆ ಅಥೆನ್ಸಿನ ಆ ಸಭೆಯಲ್ಲಿ ಹೆಂಗಸರಿರಲಿಲ್ಲ, ಬೆಳ್ಳಿ ಅಗೆದ ಗುಲಾಮರೂ ಇರಲಿಲ್ಲ. ಊರಿಗೆ ಬೇಕಾದ ಧಾನ್ಯವೂ ಕಪ್ಪು ಸಮುದ್ರದ ಕಡೆಯಿಂದ ಬರಬೇಕಿತ್ತು. ಎದುರಾಳಿ ನಗರ-ರಾಜ್ಯ ಸ್ಪಾರ್ಟಾ ಆ ದಾರಿ ಮುಚ್ಚಿದಾಗ, ಕ್ರಿ.ಪೂ. 404ರಲ್ಲಿ, ಅಥೆನ್ಸ್ ಹಸಿವಿಗೆ ಮಣಿಯಿತು.

ನಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಬಂಟ್ವಾಳ ತಾಲ್ಲೂಕಿನ ತುಂಬೆಯಿಂದ. ಘಟ್ಟದಲ್ಲಿ ಹುಟ್ಟಿದ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಅಲ್ಲಿಗೆ ಬರುತ್ತದೆ. ಬೇಸಿಗೆಯಲ್ಲಿ ತುಂಬೆ ಡ್ಯಾಂನ ನೀರು ಇಳಿದಾಗ, ನಗರಕ್ಕೆ ಉಳಿಸಲೆಂದು ಮೇಲಿನ ತೋಟಗಳ ಪಂಪ್ ಬಂದ್ ಮಾಡಿಸಿದ್ದಿದೆ. ಅಡಿಕೆ ಒಣಗಿದರೆ ಆ ಕೃಷಿಕರು ಇದೇ ಜಿಲ್ಲಾಧಿಕಾರಿ ಕಚೇರಿಗೆ ಬಂದು ಕೇಳಬಹುದು. ನಡುವೆ ಗಡಿ ಎಳೆದ ಮೇಲೆ ಅವರ ಮಾತು ಯಾರು ಕೇಳುತ್ತಾರೆ? ಅವರಾದರೂ ನಮಗೆ ಸುಮ್ನೆ ಯಾಕೆ ನೀರು ಬಿಡಬೇಕು?

ಸಿಂಗಾಪುರ ಇಂದಿಗೂ 1962ರ ಒಪ್ಪಂದದ ಮೇಲೆ ಮಲೇಶಿಯಾದ ಜೋಹೋರ್‌ನಿಂದ ನೀರು ತರುತ್ತದೆ. 2061ಕ್ಕೆ ಅದರ ಅವಧಿ ಮುಗಿಯುತ್ತದೆ. ಅದಿರಲಿ, ಸಿಂಗಾಪುರ ಬಯಸಿ ಬೇರೆಯಾದದ್ದಲ್ಲ. 1965ರಲ್ಲಿ ಮಲೇಶಿಯಾ ಹೊರಗೆ ಹಾಕಿದಾಗ ಪ್ರಧಾನಿ ಲೀ ಕ್ವಾನ್ ಯೂ ಟೀವಿಯಲ್ಲೇ ಅತ್ತರು.

ಹೂಳೆತ್ತುವ ಹಣ, ಅಧಿಕಾರ ಜಿಲ್ಲೆಗೇ ಸಿಗಲಿ. ಅದನ್ನು ಜೋರಾಗಿಯೇ ಕೇಳೋಣ. ಆ ತೀರ್ಮಾನವಾಗುವ ಕಡೆ ಧಕ್ಕೆಯವರ ಜೊತೆ ಬಂಟ್ವಾಳ, ಉಪ್ಪಿನಂಗಡಿಯವರೂ ಕೂರಲಿ.