ತಪ್ಪಿದ್ದು ಎಲ್ಲಿ ಎಂದು ಮಗುವಿಗೆ ತೋರಿಸದ ಪರೀಕ್ಷೆ

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ. ಅವುಗಳಲ್ಲಿ ಹಲವು ಬೇಸಿಗೆಗಳು ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಕೇಂದ್ರದಲ್ಲಿ ಕಳೆದಿವೆ. ಒಂದು ವರ್ಷ ನನ್ನ ಕೈಗೆ ಬಂದ ಉತ್ತರಪತ್ರಿಕೆಯೊಂದು ಇಂದಿಗೂ ಮನಸ್ಸಿನಿಂದ ಮಾಸಿಲ್ಲ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎಂಬ ಥೇಲ್ಸ್ ಪ್ರಮೇಯವನ್ನು ಆ ಮಗು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಅಡಿಗೆರೆ ಎಳೆದು, ದುಂಡಗಿನ ಅಕ್ಷರಗಳಲ್ಲಿ, ಒಂದು ಪದವೂ ಆಚೀಚೆಯಾಗದಂತೆ ಬರೆದಿತ್ತು. ಆದರೆ ಸಾಧನೆಯಲ್ಲಿ ಹೆಸರಿಸಿದ ಲಂಬಗಳು ಚಿತ್ರದಲ್ಲಿ ಇರಲೇ ಇಲ್ಲ. ಅದೇ ಪ್ರಮೇಯವನ್ನು ಬಳಸಿ ಬಿಡಿಸಬೇಕಾದ ಸಣ್ಣದೊಂದು ಲೆಕ್ಕವೂ ಇತ್ತು. ತ್ರಿಭುಜದ ಒಂದು ಬಾಹುವಿನ ಭಾಗಗಳು 2 ಮತ್ತು 3, ಇನ್ನೊಂದು ಬಾಹುವಿನ ಮೊದಲ ಭಾಗ 4 ಆದರೆ ಉಳಿದದ್ದು ಎಷ್ಟು ಎಂಬಂಥದ್ದು. ಅಲ್ಲಿ ಪ್ರಶ್ನೆಯ ಸಂಖ್ಯೆ ಮಾತ್ರ ಇತ್ತು, ಉಳಿದ ಜಾಗ ಖಾಲಿ. ಮಾದರಿ ಉತ್ತರದ ಪ್ರಕಾರ ಪ್ರಮೇಯಕ್ಕೆ ಹಂತಹಂತವಾಗಿ ಅಂಕ ಕೊಟ್ಟು, ಲೆಕ್ಕಕ್ಕೆ ಸೊನ್ನೆ ಹಾಕಿ, ಮುಂದಿನ ಪತ್ರಿಕೆಗೆ ಕೈಹಾಕಿದೆ.

ಆ ಮಗುವಿಗೆ ಪ್ರಮೇಯ ಬಾಯಿಪಾಠವಾಗಿತ್ತು, ಅರ್ಥವಾಗಿರಲಿಲ್ಲ ಎಂಬುದು ಕಣ್ಣಿಗೆ ಕಟ್ಟುವಂತೆ ಕಾಣುತ್ತಿತ್ತು. ಅದು ಯಾರ ಪತ್ರಿಕೆಯೆಂದು ನನಗೆ ತಿಳಿಯದು, ತಿಳಿಯಲೂಬಾರದು. ಆದರೆ ನನಗೆ ಕಂಡ ಸಂಗತಿ ಆ ಮಗುವಿಗಾಗಲಿ, ಅದಕ್ಕೆ ಪಾಠ ಹೇಳಿದವರಿಗಾಗಲಿ ತಲುಪುವುದೇ ಇಲ್ಲ ಎಂಬುದು ನನ್ನನ್ನು ಕಾಡುತ್ತಲೇ ಇದೆ. ಅವರಿಗೆ ತಲುಪುವುದು ಅಂಕಪಟ್ಟಿಯ ಒಂದು ಸಂಖ್ಯೆ ಅಷ್ಟೆ.

ಇಂಥ ಉತ್ತರಗಳು ಹುಟ್ಟುವುದು ಹೇಗೆಂದು ನನ್ನ ವೃತ್ತಿಯವರಿಗೆಲ್ಲ ಗೊತ್ತು. ಜನವರಿ ಬಂತೆಂದರೆ ಹಿಂದುಳಿದ ಮಕ್ಕಳಿಗಾಗಿ ಪಾಸಿಂಗ್ ಪ್ಯಾಕೇಜ್ ಸಿದ್ಧವಾಗುತ್ತದೆ. ಪ್ರಮೇಯ, ನಕ್ಷೆ, ರಚನೆ, ಎರಡು ಮೂರು ಸೂತ್ರಗಳು, ಇವಿಷ್ಟನ್ನು ತಿದ್ದಿ ತೀಡಿ ಬರೆಸುತ್ತೇವೆ. ನಾನೂ ಬರೆಸಿದ್ದೇನೆ. ಶಾಲೆಯ ಫಲಿತಾಂಶ ಕುಸಿದರೆ ನೋಟಿಸ್ ಬರುವುದು ಮುಖ್ಯಶಿಕ್ಷಕರಿಗೆ ಮತ್ತು ವಿಷಯ ಶಿಕ್ಷಕರಿಗೆ. ಅಂಥ ಸ್ಥಿತಿಯಲ್ಲಿ ಮಗುವಿಗೆ ಏಳನೇ ತರಗತಿಯ ಲೆಕ್ಕವೇ ಬರುವುದಿಲ್ಲವೆಂದು ತಿಳಿದರೂ ಹಿಂದಕ್ಕೆ ಹೋಗಿ ಕಲಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಮೂಲಕ ದೂರದಿಂದಲೇ ನೇರ ನಿಗಾ, ಬಂದಿತು. ನಕಲು ತಗ್ಗಿತು, ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ. ಉಡುಪಿಯಲ್ಲಿ ಶೇ 94 ಮಕ್ಕಳು ಪಾಸಾದರು, ಯಾದಗಿರಿಯಲ್ಲಿ ಶೇ 50.59. ವರ್ಷಗಟ್ಟಲೆ ಮುಚ್ಚಿಕೊಂಡಿದ್ದ ಸತ್ಯ ಅಂದು ಹೊರಬಿದ್ದಿತ್ತು. ಯಾವ ಜಿಲ್ಲೆಯ ಮಕ್ಕಳು ಯಾವ ಪಾಠದಲ್ಲಿ, ಯಾವ ಹಂತದಲ್ಲಿ ಎಡವಿದ್ದಾರೆ ಎಂಬುದು ಆ ಉತ್ತರಪತ್ರಿಕೆಗಳಲ್ಲಿಯೇ ಇತ್ತು. ನಾವು ಮಾತನಾಡಿದ್ದು ಮಾತ್ರ ಕೃಪಾಂಕ ಸರಿಯೋ ತಪ್ಪೋ, ಯಾವ ಜಿಲ್ಲೆ ಎಷ್ಟನೆಯ ಸ್ಥಾನ ಎಂಬುದನ್ನು.

ಪೂರಕ ಪರೀಕ್ಷೆಯ ಬದಲಿಗೆ 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಗಳು ಬಂದವು. ಒಂದು ಸಲ ಬಿದ್ದ ಮಗುವಿಗೆ ವರ್ಷವೇ ವ್ಯರ್ಥವಾಗದಿರಲಿ ಎಂಬ ಆಶಯ ಒಳ್ಳೆಯದು. ಆದರೆ ಆ ವರ್ಷ ಮೇ 9ರಂದು ಫಲಿತಾಂಶ ಬಂದಿತು, ಜೂನ್‌ನಲ್ಲಿ ಪರೀಕ್ಷೆ-2 ನಡೆಯಿತು. ನಡುವಿನ ಆ ಕೆಲವು ವಾರಗಳಲ್ಲಿ ಏನನ್ನು ಕಲಿಯಬೇಕು ಎಂಬುದು ಮಗುವಿಗೆ ಹೇಗೆ ತಿಳಿಯಬೇಕು? ನಮ್ಮ ಶಾಲೆಯ ಹುಡುಗನೊಬ್ಬ ವಿಶೇಷ ತರಗತಿಗೆ ಬಂದಾಗ ಎಲ್ಲಿ ತಪ್ಪಿತಪ್ಪಾ ಎಂದು ಕೇಳಿದೆ. “ಗೊತ್ತಿಲ್ರೀ ಸರ್, ಹತ್ತೊಂಬತ್ತು ಬಿದ್ದಾವ್ರಿ” ಎಂದ. ಎಂಬತ್ತಕ್ಕೆ ಹತ್ತೊಂಬತ್ತು. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಶುಲ್ಕ ಕಟ್ಟುವುದು ಕೂಲಿ ಮಾಡುವ ಅವನ ತಾಯಿಗೆ ಕಷ್ಟವೆಂದು ನಾನೇ ಕಟ್ಟಿದೆ. ಪ್ರತಿ ಬಂದ ದಿನ ಇಬ್ಬರೂ ಕುಳಿತು ಪುಟಪುಟವಾಗಿ ನೋಡಿದೆವು. ಸಮಾಂತರ ಶ್ರೇಢಿ, ವರ್ಗ ಸಮೀಕರಣ, ಎರಡು ಚರಾಕ್ಷರಗಳ ಸಮೀಕರಣ, ಮೂರರಲ್ಲಿಯೂ ಹುಡುಗನಿಗೆ ವಿಧಾನ ಗೊತ್ತಿತ್ತು. ಋಣ ಸಂಖ್ಯೆಯಿಂದ ಋಣ ಸಂಖ್ಯೆಯನ್ನು ಕಳೆಯಬೇಕಾದಲ್ಲೆಲ್ಲ ಚಿಹ್ನೆ ತಪ್ಪಿತ್ತು. ಹತ್ತನೇ ತರಗತಿಯ ಗಣಿತದಲ್ಲಿ ದಡ್ಡನೆಂದು ಒಂದು ವರ್ಷ ನಾನು ತಿಳಿದಿದ್ದ ಹುಡುಗನಿಗೆ ಪೂರ್ಣಾಂಕಗಳ ವ್ಯವಕಲನವನ್ನು ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ನಾಲ್ಕು ದಿನಗಳಲ್ಲಿ ಕಲಿತುಕೊಂಡ.

ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ‘ಮಾಹಿತಿ’ಯೇ, ಅದನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ನಮ್ಮಲ್ಲಿ ಆ ಹಕ್ಕು ಮರುಮೌಲ್ಯಮಾಪನದ ಅರ್ಜಿಯ ಮೊದಲ ಮೆಟ್ಟಿಲಾಗಿ ಉಳಿದುಬಿಟ್ಟಿದೆ. ಅದನ್ನು ಹೆಚ್ಚಾಗಿ ಬಳಸುವವರು 625ಕ್ಕೆ ಒಂದೆರಡು ಅಂಕ ಕಡಿಮೆಯಾಯಿತೆಂದು ಕೊರಗುವ ಮನೆಗಳವರು; ತನ್ನ ತಪ್ಪನ್ನು ನೋಡಲೇಬೇಕಾದ ಮಗುವಿನ ಮನೆಗೆ ಇಂಥದ್ದೊಂದು ಸೌಲಭ್ಯವಿದೆ ಎಂಬುದೇ ತಿಳಿದಿರುವುದಿಲ್ಲ.

ವಿಶ್ವವಿದ್ಯಾಲಯಗಳ ಸ್ಥಿತಿ ಬೇರೆಯಲ್ಲ. ಪದವಿ ಓದುವ ನನ್ನ ತಂಗಿಯ ಮಗಳು ಹಿಂದಿನ ಸೆಮಿಸ್ಟರ್‌ನ ಫಲಿತಾಂಶ ಬಾರದೆ ಮುಂದಿನ ಸೆಮಿಸ್ಟರ್‌ನ ಪರೀಕ್ಷಾ ಶುಲ್ಕ ಕಟ್ಟಿದಳು. ಒಂದು ವಿಷಯ ಬಾಕಿ ಉಳಿದಿದೆಯೆಂದು ತಿಳಿಯುವ ಹೊತ್ತಿಗೆ ಆ ವಿಷಯ ಕಲಿಸಿದ ಅತಿಥಿ ಉಪನ್ಯಾಸಕರು ಕಾಲೇಜಿನಲ್ಲಿಯೇ ಇರಲಿಲ್ಲ.

ವೆಚ್ಚದ ಮಾತು ಬರುತ್ತದೆಂದು ಬಲ್ಲೆ. ಎಂಟೂವರೆ ಲಕ್ಷ ಮಕ್ಕಳು, ತಲಾ ಆರು ವಿಷಯ, ಐವತ್ತು ಲಕ್ಷಕ್ಕೂ ಮೀರಿದ ಪತ್ರಿಕೆಗಳು. ಎಲ್ಲವನ್ನೂ ಒಂದೇ ವರ್ಷ ಹಿಂದಿರುಗಿಸಿ ಎಂದು ನಾನು ಕೇಳುತ್ತಿಲ್ಲ. ಅನುತ್ತೀರ್ಣರಾದ ಮಕ್ಕಳ ಅನುತ್ತೀರ್ಣ ವಿಷಯಗಳ ಪ್ರತಿಗಳನ್ನು ಮಾತ್ರ, ಅರ್ಜಿಯೂ ಶುಲ್ಕವೂ ಇಲ್ಲದೆ, ಫಲಿತಾಂಶ ಬಂದ ವಾರದೊಳಗೆ ಮಗುವಿಗೂ ಶಾಲೆಗೂ ಕಳುಹಿಸಲಿ. ಮೌಲ್ಯಮಾಪನದ ಕೊನೆಯ ದಿನ ನಾವು ಮೌಲ್ಯಮಾಪಕರು ಪ್ರಶ್ನೆವಾರು ಕಂಡ ಸಾಮಾನ್ಯ ತಪ್ಪುಗಳನ್ನು ಒಂದು ಪುಟದಲ್ಲಿ ಬರೆದುಕೊಡಲು ಅರ್ಧ ಗಂಟೆ ಸಾಕು. ಜಿಲ್ಲಾವಾರು ಒಟ್ಟುಗೂಡಿಸಿ ಜೂನ್ ತಿಂಗಳಲ್ಲಿ ಪ್ರೌಢಶಾಲೆಗಳಿಗಷ್ಟೇ ಅಲ್ಲ, ಆರು ಮತ್ತು ಏಳನೇ ತರಗತಿಗೆ ಗಣಿತ ಕಲಿಸುವ ಪ್ರಾಥಮಿಕ ಶಾಲೆಗಳಿಗೂ ಅದನ್ನು ತಲುಪಿಸಲಿ. ಈ ಸಲ ಮೌಲ್ಯಮಾಪನಕ್ಕೆ ಹೋದಾಗ ನಾನಂತೂ ಆ ಪುಟವನ್ನು ಬರೆದು ಉಪ ಮುಖ್ಯ ಮೌಲ್ಯಮಾಪಕರ ಕೈಗೆ ಕೊಡಲಿದ್ದೇನೆ. ಜೊತೆಯ ಶಿಕ್ಷಕ ಮಿತ್ರರೂ ಬರೆಯಬೇಕೆಂದು ಕೋರುತ್ತೇನೆ.